ಬೆರಳ ತುದಿಯ ರಕ್ತಬಿಂದು: ಮಧುಮೇಹಿಯ ಗೃಹಪರೀಕ್ಷೆಯನ್ನು ಕುರಿತ ಕೆಲವು ವಿಚಾರಗಳು



ಈ ದತ್ತಿ ಉಪನ್ಯಾಸಕ್ಕೆ ನನ್ನನ್ನು ಆಹ್ವಾನಿಸಿದ ಮಹನೀಯರು, ವಿಷಯವು ಸಾಮಾನ್ಯ ಗೃಹಸ್ಥರಿಗೆ ಉಪಯುಕ್ತವಾಗಿರಬೇಕೆಂದೂ, ವೈದ್ಯಶಾಸ್ತ್ರದ ಪರಿಭಾಷೆಯಲ್ಲಿ ಅದು ಮುಳುಗಿಹೋಗಬಾರದೆಂದೂ ಸೂಚಿಸಿದ್ದರು. ಆ ಸೂಚನೆಯನ್ನು ಶಿರಸಾವಹಿಸಿ, ಇಂದು ನಮ್ಮ ನಗರಗಳಲ್ಲಿ ಮಾತ್ರವಲ್ಲದೆ ಹೋಬಳಿ ಹಳ್ಳಿಗಳಲ್ಲಿಯೂ ಅನೇಕ ಮನೆಗಳ ಗೂಡುಗಳಲ್ಲಿ ಕಾಣಸಿಗುವ ಒಂದು ಪುಟ್ಟ ಯಂತ್ರವನ್ನು, ಅಂದರೆ ಗ್ಲುಕೋಮೀಟರನ್ನು, ವಿಷಯವಾಗಿ ಆರಿಸಿಕೊಂಡಿದ್ದೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಹೀಗಿರಲಾಗಿ, ಬೆರಳನ್ನು ಚುಚ್ಚಿ ಒಂದು ಹನಿ ರಕ್ತದಿಂದ ಶರ್ಕರವನ್ನು ಅಳೆಯುವ ಈ ಕ್ರಿಯೆಯು ಯಾರೋ ಕೆಲವರ ಖಾಸಗಿ ಸಂಗತಿಯಾಗಿ ಉಳಿದಿಲ್ಲ.

ನನ್ನ ಭಾಷಣವನ್ನು ಮೂರು ಭಾಗವಾಗಿ ವಿಂಗಡಿಸಿಕೊಂಡಿದ್ದೇನೆ. ವೈದ್ಯನ ಪ್ರಯೋಗಶಾಲೆಯಲ್ಲಿದ್ದ ಈ ಪರೀಕ್ಷೆ ರೋಗಿಯ ಕೈಗೆ ಬಂದ ಬಗೆ ಹೇಗೆಂಬುದು ಮೊದಲನೆಯದು. ಅದನ್ನು ಕ್ರಮವಾಗಿ ಮಾಡುವುದು ಹೇಗೆ, ದೊರೆತ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಎರಡನೆಯದು. ಯಾರು, ಯಾವಾಗ, ಯಾವ ಉದ್ದೇಶದಿಂದ ಪರೀಕ್ಷಿಸಿಕೊಳ್ಳಬೇಕೆಂಬುದು ಮೂರನೆಯದು. ನನ್ನ ಅಭಿಪ್ರಾಯವನ್ನು ಆರಂಭದಲ್ಲಿಯೇ ಅರುಹಿಬಿಡುತ್ತೇನೆ: ಬೆರಳನ್ನು ಚುಚ್ಚುವ ಮೊದಲು ಮನಸ್ಸಿನಲ್ಲಿ ಒಂದು ಪ್ರಶ್ನೆ ಇರಬೇಕು, ಉತ್ತರ ಬಂದ ಮೇಲೆ ಮಾಡತಕ್ಕ ಕಾರ್ಯವೊಂದಿರಬೇಕು, ಇವೆರಡೂ ಇಲ್ಲದ ಕಡೆ ಈ ಪರೀಕ್ಷೆಯಿಂದ ವ್ಯಯವೂ ವ್ಯಾಕುಲವೂ ಹೆಚ್ಚುವುವೇ ಹೊರತು ಆರೋಗ್ಯ ಹೆಚ್ಚುವುದಿಲ್ಲ.

ಇನ್ನು ಮೊದಲನೆಯ ವಿಚಾರಕ್ಕೆ ಬರುತ್ತೇನೆ. ಈ ರೋಗವು ನಮ್ಮ ಪ್ರಾಚೀನ ವೈದ್ಯರಿಗೆ ಅಪರಿಚಿತವಾಗಿರಲಿಲ್ಲ. ಶರೀರಕ್ಕೂ ಮೂತ್ರಕ್ಕೂ ಇರುವೆ ಮುತ್ತುವುದನ್ನು ಚರಕಸಂಹಿತೆಯು ಪ್ರಮೇಹದ ಪೂರ್ವಚಿಹ್ನೆಗಳಲ್ಲಿ ಎಣಿಸಿದೆ. ಸ್ಥೂಲಕಾಯನಾದ ರೋಗಿಗೂ ಕೃಶನಾದ ರೋಗಿಗೂ ಚಿಕಿತ್ಸಾಕ್ರಮ ಬೇರೆ ಬೇರೆ ಎಂದೂ ಅದೇ ಗ್ರಂಥ ವಿಧಿಸಿದೆ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯನು ರೋಗಿಯ ಮೂತ್ರವನ್ನು ಇಂಗಿಸಿ, ಉಳಿದ ಪದಾರ್ಥವು ಸಕ್ಕರೆಯೇ ಎಂಬುದನ್ನೂ, ರೋಗಿಯ ರಕ್ತದ್ರವವೂ ಸಿಹಿಯಾಗಿರುವುದೆಂಬುದನ್ನೂ 1776ರಲ್ಲಿ ಪ್ರಕಟಿಸಿದನು. ದೋಷವು ಮೂತ್ರದಲ್ಲಿ ಹುಟ್ಟುವುದಲ್ಲ, ರಕ್ತದಿಂದ ಅಲ್ಲಿಗೆ ಇಳಿದುಬರುವುದು ಎಂಬ ಅರಿವಿಗೆ ಇದು ಬುನಾದಿಯಾಯಿತು. ಆದರೂ ಅನಂತರದ ಸುಮಾರು ಎರಡು ಶತಮಾನಗಳ ಕಾಲ ರೋಗಿಗೆ ಎಟುಕುತ್ತಿದ್ದ ಪರೀಕ್ಷೆಯೆಂದರೆ ಮೂತ್ರಪರೀಕ್ಷೆಯೇ.

ನನ್ನ ವಿದ್ಯಾರ್ಥಿದೆಸೆಯಲ್ಲಿ ನಾವೆಲ್ಲರೂ ಕೈಯಾರೆ ಮಾಡಿದ ಬೆನೆಡಿಕ್ಟ್ ಪರೀಕ್ಷೆಯನ್ನು ಇಲ್ಲಿರುವ ಹಿರಿಯರಲ್ಲಿ ಕೆಲವರಾದರೂ ನೋಡಿದ್ದೀರಿ. ಅಮೆರಿಕದ ರಸಾಯನಶಾಸ್ತ್ರಜ್ಞ ಸ್ಟ್ಯಾನ್ಲಿ ಬೆನೆಡಿಕ್ಟರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸಿದ್ಧಪಡಿಸಿದ ಆ ನೀಲಿಯ ದ್ರಾವಣವನ್ನು ಪ್ರನಾಳದಲ್ಲಿ 5 ಮಿಲಿಲೀಟರಿನಷ್ಟು ತೆಗೆದುಕೊಂಡು, 8 ಹನಿ ಮೂತ್ರವನ್ನು ಸೇರಿಸಿ, ದೀಪದ ಮೇಲೆ ಕುದಿಸಿದರೆ, ಶರ್ಕರವಿಲ್ಲದಿದ್ದಲ್ಲಿ ನೀಲಿಯಾಗಿಯೇ ಉಳಿಯುವುದು. ಇದ್ದರೆ ಅದರ ಪ್ರಮಾಣಕ್ಕನುಗುಣವಾಗಿ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು. ಸ್ಪಿರಿಟ್ ದೀಪವನ್ನೂ ಪ್ರನಾಳವನ್ನೂ ಮನೆಯಲ್ಲಿಟ್ಟುಕೊಂಡು ಪ್ರತಿ ಬೆಳಗ್ಗೆ ಬಣ್ಣವನ್ನು ದಿನಚರಿಯಲ್ಲಿ ಬರೆದಿಡುತ್ತಿದ್ದ ಶ್ರದ್ಧಾವಂತ ರೋಗಿಗಳನ್ನು ನಾನು ಬಲ್ಲೆ. ಆದರೆ ಆ ಶ್ರದ್ಧೆಗೆ ಆ ಪರೀಕ್ಷೆ ತಕ್ಕಷ್ಟು ಫಲ ಕೊಡಲಾರದಾಗಿತ್ತು. ರಕ್ತಶರ್ಕರವು ಒಂದು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಮನ್ನು ಮೀರಿದ ಮೇಲೆಯೇ ಮೂತ್ರಪಿಂಡಗಳು ಅದನ್ನು ಹೊರಗೆ ಬಿಡುವುದು. ಆದಕಾರಣ ಶರ್ಕರವು 170 ಇದ್ದಾಗಲೂ ನೀಲಿ, 100 ಇದ್ದಾಗಲೂ ನೀಲಿ, ಪ್ರಾಣಾಪಾಯವಾಗುವಂತೆ 40ಕ್ಕೆ ಇಳಿದಾಗಲೂ ನೀಲಿಯೇ. ಸಾಲದೆಂಬಂತೆ, ಹಲವು ಗಂಟೆಗಳಿಂದ ಮೂತ್ರಕೋಶದಲ್ಲಿ ಶೇಖರವಾದುದನ್ನು ಪರೀಕ್ಷಿಸಿ ಈ ಗಳಿಗೆಯ ಸ್ಥಿತಿಯನ್ನು ಅರಿಯುವುದು ಅಶಕ್ಯವಾಗಿತ್ತು.

ಅಮೆರಿಕದ ಎಲ್ಖಾರ್ಟ್ ಎಂಬ ಊರಿನ ಏಮ್ಸ್ ಕಂಪನಿಯಲ್ಲಿ ಹೆಲೆನ್ ಫ್ರೀ ಮತ್ತು ಆಲ್ಫ್ರೆಡ್ ಫ್ರೀ ದಂಪತಿಗಳು, ಕುದಿಸುವ ಗೋಜಿಲ್ಲದೆ ಮೂತ್ರದಲ್ಲಿ ಅದ್ದಿದರೆ ಸಾಕು ಬಣ್ಣ ಬದಲಾಗುವ ಕಾಗದದ ಪಟ್ಟಿಯನ್ನು 1956ರಲ್ಲಿ ಬಳಕೆಗೆ ತಂದರು. 1960ರ ದಶಕದ ಮಧ್ಯಭಾಗದಲ್ಲಿ ಅದೇ ಕಂಪನಿ ರಕ್ತಕ್ಕೂ ಅಂಥದೊಂದು ಪಟ್ಟಿಯನ್ನು ಹೊರಡಿಸಿತು. ದೊಡ್ಡ ಹನಿ ರಕ್ತವನ್ನು ಅದರ ಮೇಲೆ ಹಾಕಿ, ಒಂದು ನಿಮಿಷ ಕಾದು, ನೀರಿನಿಂದ ತೊಳೆದು, ಬಣ್ಣದ ಪಟದೊಡನೆ ಹೋಲಿಸಬೇಕಾಗಿತ್ತು. ಆ ಬಣ್ಣವನ್ನು ಕಣ್ಣಿಗೆ ಬದಲಾಗಿ ಯಂತ್ರವೇ ಓದುವ ಮೊದಲ ಮೀಟರು 1970ರ ಸುಮಾರಿಗೆ ಬಂದಿತು. ಅದರ ತೂಕ ಒಂದು ಕಿಲೋಗ್ರಾಮಿಗೆ ಮಿಕ್ಕಿತ್ತು, ಬೆಲೆ ಸುಮಾರು 500 ಡಾಲರು, ಮಾರಾಟವೋ ವೈದ್ಯರಿಗೆ ಮತ್ತು ಆಸ್ಪತ್ರೆಗಳಿಗೆ ಮಾತ್ರ.

ಇಲ್ಲಿ ಒಬ್ಬ ರೋಗಿಯ ವೃತ್ತಾಂತವನ್ನು ತುಸು ನಿಂತು ಹೇಳಬೇಕಾಗಿದೆ. ರಿಚರ್ಡ್ ಬರ್ನ್‌ಸ್ಟೈನ್ ಎಂಬ ಅಮೆರಿಕದ ಎಂಜಿನಿಯರರು ಹನ್ನೆರಡನೆಯ ವಯಸ್ಸಿನಿಂದ ಮಧುಮೇಹಿಯಾಗಿದ್ದು, ಇನ್ಸುಲಿನ್ನನ್ನು ಪಡೆಯುತ್ತಿದ್ದರೂ ನಡುವಯಸ್ಸಿಗೆ ಮೊದಲೇ ರೋಗದ ಉಪದ್ರವಗಳಿಗೆ ಈಡಾಗಿದ್ದರು. ರೋಗಿಗೆ ಆ ಯಂತ್ರವನ್ನು ಮಾರುವಂತಿಲ್ಲದ ಕಾರಣ, ವೈದ್ಯೆಯಾಗಿದ್ದ ತಮ್ಮ ಪತ್ನಿಯ ಹೆಸರಿನಲ್ಲಿ ಅದನ್ನು ತರಿಸಿಕೊಂಡು, ದಿನಕ್ಕೆ ಹಲವು ಬಾರಿ ತಮ್ಮ ರಕ್ತವನ್ನು ತಾವೇ ಪರೀಕ್ಷಿಸಿ, ಯಾವ ಆಹಾರಕ್ಕೆ ಎಷ್ಟು ಏರುವುದು, ಎಷ್ಟು ಇನ್ಸುಲಿನ್ನಿಗೆ ಎಷ್ಟು ಇಳಿಯುವುದು ಎಂದು ಎಂಜಿನಿಯರನ ತಾಳ್ಮೆಯಿಂದ ಲೆಕ್ಕವಿಟ್ಟರು. ತಾವು ಕಂಡದ್ದನ್ನು ಬರೆದು ಕಳುಹಿಸಿದಾಗ ವೈದ್ಯಕೀಯ ಪತ್ರಿಕೆಗಳು ಅದನ್ನು ಸ್ವೀಕರಿಸಲಿಲ್ಲ. ತಮ್ಮ ಮಾತಿಗೆ ಅಧಿಕಾರ ಬರಬೇಕಾದರೆ ವೈದ್ಯನೇ ಆಗಬೇಕೆಂದು ನಿಶ್ಚಯಿಸಿ, ನಲವತ್ತು ದಾಟಿದ ಮೇಲೆ ವೈದ್ಯಕೀಯ ಕಾಲೇಜನ್ನು ಸೇರಿ, ಓದಿ, ಮಧುಮೇಹದ ವೈದ್ಯರಾದರು. ರೋಗಿಯು ತನ್ನ ರಕ್ತವನ್ನು ತಾನು ಅಳೆದರೆ ಗಾಬರಿಗೊಳ್ಳುವನು, ತಪ್ಪಾಗಿ ಅಳೆಯುವನು ಎಂಬ ಅಂದಿನ ವೈದ್ಯರ ಶಂಕೆಯು ಪೂರ್ಣವಾಗಿ ನಿರಾಧಾರವಾಗಿತ್ತೆಂದು ನಾನು ಹೇಳೆನು. ಆದರೆ ಆ ಶಂಕೆಗೆ ಪರಿಹಾರ ಶಿಕ್ಷಣವೇ ವಿನಾ ನಿಷೇಧವಲ್ಲವೆಂಬುದು ನನ್ನ ದೃಢವಾದ ನಂಬಿಕೆ. 1978ರಲ್ಲಿ ಇಂಗ್ಲೆಂಡಿನ ವೈದ್ಯರು ಸಾಧಾರಣ ರೋಗಿಗಳೂ ಮನೆಯಲ್ಲಿ ಈ ಪರೀಕ್ಷೆಯನ್ನು ಸಮರ್ಪಕವಾಗಿ ಮಾಡಬಲ್ಲರೆಂದು ವರದಿ ಮಾಡಿದ ಮೇಲೆ ಬಾಗಿಲು ತೆರೆಯಿತು.

ಬಣ್ಣವನ್ನು ಓದುವ ಯಂತ್ರಗಳ ಸ್ಥಾನಕ್ಕೆ ವಿದ್ಯುತ್ತನ್ನು ಅಳೆಯುವ ಯಂತ್ರಗಳು 1980ರ ದಶಕದ ಉತ್ತರಾರ್ಧದಲ್ಲಿ ಬಂದವು. ಪರೀಕ್ಷಾಪಟ್ಟಿಯ, ಅಂದರೆ ಸ್ಟ್ರಿಪ್ಪಿನ, ತುದಿಯಲ್ಲಿ ಲೇಪಿಸಿರುವ ಕಿಣ್ವವು ಗ್ಲುಕೋಸನ್ನು ಉತ್ಕರ್ಷಿಸಿದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗಿ, ಅವುಗಳ ಪ್ರವಾಹವು ಗ್ಲುಕೋಸಿನ ಪ್ರಮಾಣವನ್ನು ತಿಳಿಸುತ್ತದೆ. ಇಂದು ಅರ್ಧ ಮೈಕ್ರೋಲೀಟರಿನಷ್ಟು ರಕ್ತವೂ ಐದಾರು ಸೆಕೆಂಡುಗಳೂ ಎಷ್ಟೋ ಯಂತ್ರಗಳಿಗೆ ಸಾಕು.

ಇಷ್ಟೆಲ್ಲ ಪ್ರಯಾಸದಿಂದ ಫಲವೇನಾಯಿತು ಎಂದು ಕೇಳಿದರೆ, ಅಮೆರಿಕ ಮತ್ತು ಕೆನಡಾಗಳಲ್ಲಿ 1983ರಿಂದ 1993ರವರೆಗೆ ನಡೆದ ಮಹಾ ಅಧ್ಯಯನವೊಂದನ್ನು ಉದಾಹರಿಸಬೇಕು. ಒಂದನೆಯ ಬಗೆಯ ಮಧುಮೇಹವುಳ್ಳ 1,441 ಜನರಲ್ಲಿ ಒಂದು ಗುಂಪಿಗೆ ರೂಢಿಯ ಚಿಕಿತ್ಸೆ. ಇನ್ನೊಂದು ಗುಂಪಿನವರು ದಿನಕ್ಕೆ ನಾಲ್ಕು ಬಾರಿಯಾದರೂ ರಕ್ತವನ್ನು ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಇನ್ಸುಲಿನ್ನನ್ನು ಹೊಂದಿಸಿಕೊಳ್ಳುತ್ತಿದ್ದರು. ಎರಡನೆಯ ಗುಂಪಿನಲ್ಲಿ, ಮೊದಲು ಕಣ್ಣುಗಳು ನಿರ್ದುಷ್ಟವಾಗಿದ್ದವರಿಗೆ ಅಕ್ಷಿಪಟಲದ ವ್ಯಾಧಿ ತಗಲುವ ಸಂಭವವು ಶೇಕಡಾ 76ರಷ್ಟು ಕಡಮೆಯಾಯಿತು. ಮೂತ್ರಪಿಂಡಗಳಿಗೂ ನರಗಳಿಗೂ ರಕ್ಷಣೆ ದೊರೆಯಿತು. ಅದೇ ಗುಂಪಿನಲ್ಲಿ ಶರ್ಕರವು ಅತಿಯಾಗಿ ಕುಸಿಯುವ ಅಪಾಯವು ಸುಮಾರು ಮೂರು ಪಟ್ಟು ಹೆಚ್ಚಿತೆಂಬುದನ್ನೂ ಜೊತೆಯಲ್ಲಿಯೇ ನೆನಪಿಡಬೇಕು. ಪರೀಕ್ಷೆಯು ತಾನಾಗಿ ಯಾರನ್ನೂ ಕಾಪಾಡಲಿಲ್ಲ. ಪ್ರತಿ ಅಂಕಿಯ ಬೆನ್ನಿಗೆ ಒಂದು ನಿರ್ಧಾರವಿದ್ದುದರಿಂದ ಕಣ್ಣುಗಳು ಉಳಿದವು.

ಇದು ಇತಿಹಾಸದ ಮಾತಾಯಿತು. ಈಗ ಎರಡನೆಯ ವಿಚಾರವನ್ನು, ಎಂದರೆ ಪರೀಕ್ಷಿಸುವ ಕ್ರಮವನ್ನೂ ಅಂಕಿಯ ವಿಶ್ವಾಸಾರ್ಹತೆಯನ್ನೂ, ಎತ್ತಿಕೊಳ್ಳುತ್ತೇನೆ.

ಎಲ್ಲಕ್ಕಿಂತ ಮೊದಲು ಕೈ ತೊಳೆಯಬೇಕು. ಇದು ಶುಚಿತ್ವದ ಉಪದೇಶವೆಂದು ಭಾವಿಸಿ ಅಲಕ್ಷ್ಯ ಮಾಡಬಾರದು. ಮಾವಿನ ಹಣ್ಣನ್ನು ಹೆಚ್ಚಿದ ಕೈಗೆ, ಹಲಸಿನ ತೊಳೆಯನ್ನು ಬಿಡಿಸಿದ ಕೈಗೆ, ದೇವರ ಪಂಚಾಮೃತವನ್ನು ಮುಟ್ಟಿದ ಕೈಗೆ ಅಂಟಿಕೊಂಡ ಕಣ್ಣಿಗೆ ಕಾಣದಷ್ಟು ಸಕ್ಕರೆಯು, ಆ ಅತ್ಯಲ್ಪ ರಕ್ತಬಿಂದುವಿನೊಡನೆ ಬೆರೆತು, ಯಂತ್ರದ ಅಂಕಿಯನ್ನು ನೂರಾರು ಮಿಲಿಗ್ರಾಮಿನಷ್ಟು ಮೇಲಕ್ಕೆ ಒಯ್ಯಬಲ್ಲುದು. ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದರೆ ಅದು ಸಂಪೂರ್ಣವಾಗಿ ಹೋಗುವುದಿಲ್ಲ; ಸೋಪು ನೀರಿನಿಂದ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಬೇಕು. ತಪ್ಪಾದ ಆ ಅಂಕಿಯನ್ನು ನಂಬಿ ಇನ್ಸುಲಿನ್ನನ್ನು ಹೆಚ್ಚಿಸಿಕೊಂಡವರಿಗೆ ಒದಗಬಹುದಾದ ವಿಪತ್ತನ್ನು ತಾವೇ ಊಹಿಸಿಕೊಳ್ಳಬಹುದು.

ಬೆರಳಿನ ತುದಿಯ ನಟ್ಟನಡುವೆ ನರಾಗ್ರಗಳು ದಟ್ಟವಾಗಿರುವುದರಿಂದ ಅಲ್ಲಿ ನೋವು ಹೆಚ್ಚು. ಪಕ್ಕದಲ್ಲಿ ಚುಚ್ಚುವುದು ಲೇಸು. ರಕ್ತ ಬಾರದಿದ್ದರೆ ಬೆರಳನ್ನು ಹಿಂಡಬಾರದು. ಹಿಂಡಿದಾಗ ಅಂಗಾಂಶದ ದ್ರವವೂ ಬೆರೆಯುವುದು. ಕೈಯನ್ನು ಕೆಳಗೆ ಇಳಿಬಿಟ್ಟು, ಬೆಚ್ಚನೆಯ ನೀರಿನಲ್ಲಿ ತೊಳೆದರೆ ಹನಿ ತಾನಾಗಿ ಒಸರುತ್ತದೆ. ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳವನ್ನು ತೆಗೆದ ಒಡನೆ ಮುಚ್ಚಬೇಕು, ಏಕೆಂದರೆ ಆ ಕಿಣ್ವಕ್ಕೆ ತೇವವೂ ಶಾಖವೂ ಶತ್ರು. ಮಲೆನಾಡಿನ ಆಷಾಢದ ತೇವದಲ್ಲಿಯೂ ರಾಯಚೂರಿನ ಬೇಸಗೆಯಲ್ಲಿಯೂ ತೆರೆದಿಟ್ಟ ಸ್ಟ್ರಿಪ್ಪು ಅವಧಿಗೆ ಮುಂಚೆಯೇ ಕೆಡಬಹುದು. ಒಬ್ಬರು ಬಳಸಿದ ಸೂಜಿಯನ್ನಾಗಲಿ ಚುಚ್ಚುವ ಪೆನ್ನನ್ನಾಗಲಿ, ಗಂಡ ಹೆಂಡಿರೇ ಆದರೂ, ಮತ್ತೊಬ್ಬರು ಬಳಸಕೂಡದು. ಹೆಪಟೈಟಿಸ್ ಬಿ ರೋಗವು ಈ ದಾರಿಯಿಂದ ಹಬ್ಬಿದ ನಿದರ್ಶನಗಳಿವೆ.

ಇಷ್ಟು ಎಚ್ಚರಿಕೆಯಿಂದ ಮಾಡಿದರೂ ಬಂದ ಅಂಕಿಯು ಎಷ್ಟು ಸತ್ಯ? ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯು 2013ರಲ್ಲಿ ನಿಗದಿಮಾಡಿದ ನಿಯಮದಂತೆ, ನೂರಕ್ಕೆ ತೊಂಬತ್ತೈದು ಪರೀಕ್ಷೆಗಳು ಪ್ರಯೋಗಶಾಲೆಯ ಬೆಲೆಗೆ ಶೇಕಡಾ 15ರ ಒಳಗೆ ಇರಬೇಕು. 100ಕ್ಕಿಂತ ಕೆಳಗಿನ ಅಂಕಿಗಳಲ್ಲಾದರೆ 15 ಮಿಲಿಗ್ರಾಮಿನ ಒಳಗೆ. ಅಂದರೆ ನಿಜವಾದ ಬೆಲೆ 140 ಆಗಿರುವಾಗ ಉತ್ತಮ ಯಂತ್ರವೂ 119ರಿಂದ 161ರವರೆಗೆ ಯಾವುದನ್ನಾದರೂ ತೋರಿಸಬಹುದು. ನಿನ್ನೆ 132 ಇದ್ದುದು ಇಂದು 141 ಆಯಿತೆಂದು ಖಿನ್ನರಾಗುವವರೂ, 141 ಇದ್ದುದು 132 ಆಯಿತೆಂದು ಹೋಳಿಗೆ ತಿನ್ನುವವರೂ, ಇಬ್ಬರೂ ವ್ಯತ್ಯಾಸವಿಲ್ಲದ ಕಡೆ ವ್ಯತ್ಯಾಸವನ್ನು ಕಾಣುತ್ತಿದ್ದಾರೆ. ಊಟವಾದ ಮೇಲೆ ಬೆರಳಿನ ರಕ್ತದಲ್ಲಿ ಶರ್ಕರವು ತೋಳಿನ ರಕ್ತನಾಳದಲ್ಲಿರುವುದಕ್ಕಿಂತ ಸಹಜವಾಗಿಯೇ ಹೆಚ್ಚಿರುತ್ತದೆ. ಆದ್ದರಿಂದ ಲ್ಯಾಬಿನ ವರದಿಯೂ ಮನೆಯ ಅಂಕಿಯೂ ತಾಳೆಯಾಗಲಿಲ್ಲವೆಂದು ಯಂತ್ರವನ್ನು ಎಸೆಯಬೇಕಾಗಿಲ್ಲ. ನಮ್ಮ ಹೆಂಗಸರಲ್ಲಿ ಸರ್ವೇಸಾಮಾನ್ಯವಾಗಿರುವ ರಕ್ತಹೀನತೆಯಲ್ಲಿ ಅನೇಕ ಯಂತ್ರಗಳು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತವೆಂಬ ಸಂಗತಿಯನ್ನು ವೈದ್ಯರೂ ಕೆಲವೊಮ್ಮೆ ಮರೆಯುವುದುಂಟು. ಈ ಕಾರಣಗಳಿಂದಲೇ, ಮಧುಮೇಹವು ಇದೆಯೋ ಇಲ್ಲವೋ ಎಂಬ ನಿರ್ಣಯವನ್ನು ಮನೆಯ ಯಂತ್ರದಿಂದ ಮಾಡತಕ್ಕದ್ದಲ್ಲ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕೆ ಮೇಲ್ಪಟ್ಟು ಎಂಬ ಗಡಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದ ರಕ್ತಕ್ಕೆ ಹಾಕಿರುವುದು.

ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಇರುವಾಗ ಇದೆಲ್ಲ ಏಕೆಂಬ ಪ್ರಶ್ನೆ ನ್ಯಾಯವಾದದ್ದು. ವರ್ಷದ ಒಟ್ಟು ಮಳೆ ವಾಡಿಕೆಯಷ್ಟೇ ಆಗಿದ್ದರೂ, ಬಿತ್ತನೆಯ ಕಾಲಕ್ಕೆ ಬಾರದೆ ಒಕ್ಕಣೆಯ ಕಾಲಕ್ಕೆ ಸುರಿದರೆ ರೈತನ ಗತಿ ಏನೆಂಬುದನ್ನು ಆ ಒಟ್ಟು ಮೊತ್ತ ಹೇಳುವುದಿಲ್ಲ. ಹಾಗೆಯೇ ಸರಾಸರಿಯು ಏರಿಳಿತವನ್ನು ಮರೆಮಾಡುತ್ತದೆ. ಒಂದನ್ನು ಹಿಡಿದು ಮತ್ತೊಂದನ್ನು ಬಿಡುವುದು ಸಲ್ಲದು.

ಮೂರನೆಯ ವಿಚಾರವೇ ನನ್ನ ಭಾಷಣದ ಮುಖ್ಯ ಭಾಗ. ಇನ್ಸುಲಿನ್ ಪಡೆಯುವವರಿಗೆ, ಅದರಲ್ಲಿಯೂ ಒಂದನೆಯ ಬಗೆಯ ಮಧುಮೇಹವಿರುವ ಮಕ್ಕಳಿಗೆ, ಈ ಪರೀಕ್ಷೆಯು ಅನ್ನ ನೀರಿನಷ್ಟೇ ಅವಶ್ಯಕ. ಪ್ರತಿ ಊಟಕ್ಕೆ ಮುಂಚೆ, ಮಲಗುವ ಮುಂಚೆ, ಅನುಮಾನ ಬಂದಾಗ ನಡುರಾತ್ರಿಯಲ್ಲಿಯೂ ನೋಡದೆ ಇನ್ಸುಲಿನ್ನಿನ ಪ್ರಮಾಣವನ್ನು ಗೊತ್ತುಮಾಡುವುದು ಸಾಧ್ಯವಿಲ್ಲ. ಗರ್ಭಿಣಿಯರಲ್ಲಿ ಕಂಡುಬರುವ ಮಧುಮೇಹಕ್ಕೂ ಇದೇ ಮಾತು. ಅವರಿಗೆ ಖಾಲಿ ಹೊಟ್ಟೆಯಲ್ಲಿ 95ಕ್ಕೆ ಕೆಳಗೆ, ಊಟವಾದ ಎರಡು ಗಂಟೆಗೆ 120ಕ್ಕೆ ಕೆಳಗೆ ಎಂಬ ಬಿಗಿಯಾದ ಎಲ್ಲೆಗಳಿವೆ, ಕಾಲಾವಕಾಶವೋ ಕೆಲವೇ ವಾರಗಳದು.

ಮಾತ್ರೆಗಳಿಂದ ರೋಗವನ್ನು ಹತೋಟಿಯಲ್ಲಿಟ್ಟುಕೊಂಡಿರುವ ಎರಡನೆಯ ಬಗೆಯ ಮಧುಮೇಹಿಗಳ ವಿಷಯ ಬೇರೆ. ಅಮೆರಿಕದ ಉತ್ತರ ಕೆರೊಲೈನಾದಲ್ಲಿ ಇನ್ಸುಲಿನ್ ಪಡೆಯದ 450 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೊಮ್ಮೆ ಪರೀಕ್ಷಿಸಿಕೊಂಡವರಿಗೂ ಪರೀಕ್ಷಿಸಿಕೊಳ್ಳದವರಿಗೂ ಒಂದು ವರ್ಷದ ತರುವಾಯ ಎಚ್‌ಬಿಎ1ಸಿಯಲ್ಲಿ ಗಣನೀಯವಾದ ಅಂತರ ಕಾಣಲಿಲ್ಲ. ಪರೀಕ್ಷೆಯೇ ವ್ಯರ್ಥವೆಂದು ಕೆಲವರು ಇದಕ್ಕೆ ಅರ್ಥ ಹಚ್ಚಿದರು. ನನ್ನ ದೃಷ್ಟಿಯಲ್ಲಿ ಇದರಿಂದ ಸಿದ್ಧವಾಗುವುದಿಷ್ಟೆ: ಪ್ರತಿ ಬೆಳಗ್ಗೆ ಒಂದು ಅಂಕಿಯನ್ನು ನೋಡಿ, ನಿಟ್ಟುಸಿರಿಟ್ಟು, ಪುಸ್ತಕದಲ್ಲಿ ಬರೆದು, ಎಂದಿನಂತೆಯೇ ಊಟಮಾಡುವುದರಿಂದ ಪ್ರಯೋಜನವಿಲ್ಲ.

ಇಂಥವರಿಗೆ ನಾನು ಹೇಳುವ ವಿಧಾನವೆಂದರೆ ಜೋಡಿ ಪರೀಕ್ಷೆ. ರಾಗಿಯಿಂದ ಸಕ್ಕರೆ ಏರುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಹೇರಳವಾಗಿದ್ದು ಅದು ಉತ್ತಮ ಧಾನ್ಯವೆಂಬುದು ನಿಸ್ಸಂಶಯ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಮಿನಷ್ಟು ಶರ್ಕರಪಿಷ್ಟವಿದೆ, ನುಣ್ಣಗೆ ಬೀಸಿ ಮುದ್ದೆಯಾಗಿ ಬೇಯಿಸಿದಾಗ ಅದು ಬೇಗನೆ ಜೀರ್ಣವಾಗುತ್ತದೆ. ಎರಡು ದೊಡ್ಡ ಮುದ್ದೆ ತನಗೆ ಒಗ್ಗುವುದೋ ಇಲ್ಲವೋ ಎಂದು ತರ್ಕಿಸುವ ಬದಲು, ಊಟಕ್ಕೆ ಮುನ್ನ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆ ಕಳೆದ ಮೇಲೆ ಒಮ್ಮೆ ನೋಡಲಿ. ಮರುದಿನ ಒಂದೇ ಮುದ್ದೆ, ಸೊಪ್ಪಿನ ಸಾರು, ಹೆಚ್ಚು ಕಾಳುಪಲ್ಯ. ಮತ್ತೆ ಎರಡು ಬಾರಿ ನೋಡಲಿ. ಮೂರನೆಯ ದಿನ ಉಂಡ ಮೇಲೆ ಅರ್ಧ ಗಂಟೆ ನಡೆದು ನೋಡಲಿ. ಆರು ಸ್ಟ್ರಿಪ್ಪುಗಳಲ್ಲಿ ಆತನು ತನ್ನ ಶರೀರದ ವಿಷಯದಲ್ಲಿ ಕಲಿಯುವುದನ್ನು ಆರು ತಿಂಗಳ ಬೆಳಗಿನ ಪರೀಕ್ಷೆಗಳು ಕಲಿಸಲಾರವು. ಹಿಂದೆ ತಿಳಿಸಿದ ಯಂತ್ರದ ದೋಷವನ್ನು ಮನಸ್ಸಿನಲ್ಲಿಟ್ಟು, ಹತ್ತು ಇಪ್ಪತ್ತರ ಅಂತರವನ್ನು ಲೆಕ್ಕಿಸದೆ, ಐವತ್ತು ಅರವತ್ತರ ಏರಿಕೆಯನ್ನು ಮಾತ್ರ ಗಣನೆಗೆ ತೆಗೆದುಕೊಳ್ಳಬೇಕು. ಬೆಳಗಿನ ಅಂಕಿ ಹೆಚ್ಚಿದ್ದರೆ ರಾತ್ರಿಯ ಊಟವೇ ಕಾರಣವೆಂದು ಸೊಸೆಯನ್ನೋ ಮಡದಿಯನ್ನೋ ದೂರುವವರಿದ್ದಾರೆ. ಮುಂಜಾವಿನಲ್ಲಿ ಹೆಚ್ಚುವ ಕೆಲವು ಹಾರ್ಮೋನುಗಳ ಪ್ರಭಾವದಿಂದ ಯಕೃತ್ತು ತಾನೇ ಶರ್ಕರವನ್ನು ರಕ್ತಕ್ಕೆ ಬಿಡುವುದುಂಟೆಂದು ಅಂಥವರು ತಿಳಿಯಬೇಕು.

ಶರ್ಕರದ ಏರಿಕೆ ವರ್ಷಗಳಲ್ಲಿ ಕೊಲ್ಲುವುದು, ಇಳಿಕೆಯೋ ಗಂಟೆಗಳಲ್ಲಿ. ಇನ್ಸುಲಿನ್ ಪಡೆಯುವವರೂ, ಗ್ಲಿಮೆಪಿರೈಡ್ ಗ್ಲಿಬೆನ್‌ಕ್ಲಮೈಡ್ ಮೊದಲಾದ ಮಾತ್ರೆಗಳನ್ನು ಸೇವಿಸುವವರೂ, ವಿಶೇಷವಾಗಿ ವೃದ್ಧರೂ ಮೂತ್ರಪಿಂಡದ ತೊಂದರೆಯುಳ್ಳವರೂ, ಬೆವರು, ನಡುಕ, ಹಸಿವು, ಕಾರಣವಿಲ್ಲದ ಸಿಟ್ಟು ಇವು ಕಂಡಾಗ ತತ್‌ಕ್ಷಣ ನೋಡಬೇಕು. 70ಕ್ಕೆ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ಯಂತ್ರ ಕೈಗೆ ಸಿಗದಿದ್ದರೆ ಕಾಯದೆ ಸಕ್ಕರೆ ತಿನ್ನಲಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು, ಆಸ್ಪತ್ರೆಗೆ ಒಯ್ಯಬೇಕು. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳನ್ನು ಆಚರಿಸುವವರು ವೈದ್ಯರೊಡನೆ ಮೊದಲೇ ಸಮಾಲೋಚಿಸಿ, ಆ ದಿನಗಳಲ್ಲಿ ಹೆಚ್ಚು ಬಾರಿ ಪರೀಕ್ಷಿಸಿಕೊಳ್ಳಬೇಕು.

ತೋಳಿಗೆ ಅಂಟಿಸಿಕೊಂಡು ಹಗಲಿರುಳೂ ಶರ್ಕರವನ್ನು ತೋರಿಸುವ ಸಂವೇದಕಗಳ ವಿಚಾರವನ್ನು ಸಮಯಾಭಾವದಿಂದ ಸಂಕ್ಷೇಪವಾಗಿ ಹೇಳುತ್ತೇನೆ. ಅವು ಅಂಗಾಂಶದ ದ್ರವವನ್ನು ಅಳೆಯುವುದರಿಂದ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಬೀಳುತ್ತವೆ; ಆದರೂ ಇನ್ಸುಲಿನ್ ಪಡೆಯುವವರಿಗೆ ಅವು ಮಹೋಪಕಾರಿ. ಚುಚ್ಚದೆಯೇ ಶರ್ಕರವನ್ನು ಹೇಳುವೆವೆಂದು ಜಾಹೀರಾತು ಮಾಡುವ ಕೈಗಡಿಯಾರ, ಉಂಗುರಗಳನ್ನು ನಂಬಕೂಡದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2024ರಲ್ಲಿ ಎಚ್ಚರಿಕೆ ನೀಡಿದೆ. ನನ್ನ ಎಚ್ಚರಿಕೆಯೂ ಅದೇ.

ಕೊನೆಯದಾಗಿ ಒಂದು ವಿಜ್ಞಾಪನೆ. ಒಂದು ಸ್ಟ್ರಿಪ್ಪಿನ ಬೆಲೆ ಇಪ್ಪತ್ತು ರೂಪಾಯಿಗಳೆಂದು ಇಟ್ಟುಕೊಂಡರೂ, ದಿನಕ್ಕೆ ನಾಲ್ಕರಂತೆ ಒಂದು ಮಗುವಿಗೆ ತಿಂಗಳಿಗೆ 2,400 ರೂಪಾಯಿ ಬೇಕು; ಇನ್ಸುಲಿನ್ನಿನ ವೆಚ್ಚ ಬೇರೆ. ಕೂಲಿಯಿಂದ ಜೀವಿಸುವ ತಂದೆ ತಾಯಿಗಳು ಇದನ್ನು ಭರಿಸಲಾರದೆ ದಿನಕ್ಕೊಂದಕ್ಕೆ, ವಾರಕ್ಕೊಂದಕ್ಕೆ ಇಳಿಸುತ್ತಾರೆ. ಅತ್ತ ಅವಶ್ಯಕತೆಯಿಲ್ಲದ ಅನುಕೂಲಸ್ಥರ ಮನೆಗಳಲ್ಲಿ ಡಬ್ಬಿಗಳು ಅವಧಿ ಮೀರಿ ಕಸಕ್ಕೆ ಸೇರುತ್ತಿವೆ. ನೆರೆಯ ಕೇರಳದಲ್ಲಿ ಒಂದನೆಯ ಬಗೆಯ ಮಧುಮೇಹವಿರುವ ಮಕ್ಕಳಿಗೆ ಸರಕಾರವೇ ಚಿಕಿತ್ಸೆಯ ಸಾಮಗ್ರಿಯನ್ನು ಒದಗಿಸುವ 'ಮಿಠಾಯಿ' ಎಂಬ ಯೋಜನೆ ನಡೆದಿದೆ. ನಮ್ಮ ನಾಡಿನ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಇನ್ಸುಲಿನ್ ಪಡೆಯುವ ಪ್ರತಿಯೊಂದು ಮಗುವಿಗೆ ಸ್ಟ್ರಿಪ್ಪುಗಳು ತಪ್ಪದೆ ಉಚಿತವಾಗಿ ದೊರೆಯುವಂತೆ ಸರಕಾರವೂ, ಸರಕಾರದ ಏರ್ಪಾಡು ಮುಟ್ಟದಿರುವ ಕಡೆಗಳಲ್ಲಿ ಮಠಗಳೂ ಸಹಕಾರ ಸಂಘಗಳೂ ಇಂಥ ದತ್ತಿಗಳ ದಾನಿಗಳೂ ಭಾರವನ್ನು ಹೊರಬೇಕೆಂದು ಈ ವೇದಿಕೆಯಿಂದ ಪ್ರಾರ್ಥಿಸುತ್ತೇನೆ. ತಮ್ಮ ಊರಿನ ಶಾಲೆಯಲ್ಲಿ ಅಂಥ ಮಗುವೊಂದಿದ್ದರೆ, ಅದರ ಒಂದು ವರ್ಷದ ಸ್ಟ್ರಿಪ್ಪುಗಳ ಹೊಣೆಯನ್ನು ತಾವು ನಾಲ್ಕಾರು ಮನೆಯವರು ಕೂಡಿ ವಹಿಸಿಕೊಳ್ಳಿರಿ.